ಅಪ್‌ಡೇಟ್: ‘ಗೃಹಭಂಗ’ದ ನಂಜಮ್ಮನ ಮನಸ್ಸನ್ನು ಓದುವುದು

ಹಿಂದೆ ಕೇಳಿದ್ದು ಇಷ್ಟು: ಹಾಸನದ ಪದವಿ ಮಕ್ಕಳಿಗೆ ಭೈರಪ್ಪನವರ ‘ಗೃಹಭಂಗ’ ಕಾದಂಬರಿಯ (1970) ಭಾಗ ಕೊಟ್ಟು ಅದರ ನಾಯಕಿ ನಂಜಮ್ಮನ ಮನಸ್ಥಿತಿ ಬರೆಯಿರಿ ಎಂದರೆ, ಎಲ್ಲರದೂ ‘ದುಃಖ’ ಒಂದೇ. ದಾರಿಯೇನು? ಸಲಹೆ ಕೊಟ್ಟವರಿಗೆಲ್ಲ ಧನ್ಯವಾದ. ಕೆಲಸಕ್ಕೆ ಬಂದದ್ದು ಇಲ್ಲಿದೆ.

ಮೊದಲು ಆ ಪಾತ್ರ ದಿನವೂ ಮಾತಾಡುವ ರೀತಿ ಗುರುತಿಸಿಕೊಳ್ಳಬೇಕು. ನಂಜಮ್ಮನ ಅತ್ತೆ ಗಂಗಮ್ಮನಿಗೆ ಬೈಗುಳವೇ ರೂಢಿ. ಅವಳು ಬೈದಳೆಂದು ಕೋಪ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಅವಳು ಬೈಯದೆ ಸುಮ್ಮನಾದ ಕಡೆ ನಿಲ್ಲಬೇಕು. ನಂಜಮ್ಮನದು ತಿರುಗುಮುರುಗು: ತಡೆದು ಮಾತಾಡುವವಳು ಒಂದು ಖಡಕ್ ಉತ್ತರ ಕೊಟ್ಟರೂ ತೂಕ ಹೆಚ್ಚು. (ಚನ್ನರಾಯಪಟ್ಟಣದ ಕಡೆಯ ಮಕ್ಕಳಿಗೆ ಈ ಬೈಗುಳ ಕೇಳಿದ್ದೇ ಆದ್ದರಿಂದ ನಕ್ಕು ಮುಂದೆ ಹೋಗಿಬಿಡುತ್ತಾರೆ!)

ಆಮೇಲೆ ಪೆನ್ಸಿಲಿನಲ್ಲಿ ಕ್ರಿಯೆ ಮತ್ತು ಮಾತಿಗೆ ಮಾತ್ರ ಗೆರೆ. ಗಂಡ ಚೆನ್ನಿಗರಾಯ ಮಾಡಬೇಕಾದ ಶಾನುಭೋಗಿಕೆಯ (ಊರಿನ ಕಂದಾಯದ) ಲೆಕ್ಕವನ್ನು ನಂಜಮ್ಮ ಬರೆಯುವುದು ಕ್ರಿಯೆ. ‘ಪಾಪ’ ಅನ್ನಿಸುವುದು ಓದುಗರ ಭಾವನೆ. ಇವೆರಡು ಬೆರೆತಲ್ಲೇ ಉತ್ತರ ಕೆಡುವುದು.

ಹೆಸರಿಡಲು ನಮ್ಮ ಅಲಂಕಾರಶಾಸ್ತ್ರದ 33 ಸಂಚಾರಿ ಭಾವಗಳ (ಮುಖ್ಯ ಭಾವದ ಜೊತೆ ಬಂದುಹೋಗುವ ಭಾವಗಳ) ಪಟ್ಟಿಯೇ ಸಾಕು. ಶೋಕದ ಒಳಗೇ ಚಿಂತೆ, ಗ್ಲಾನಿ (ಬಳಲಿಕೆ), ಧೃತಿ (ಧೈರ್ಯ), ಅಮರ್ಷ (ಸಹಿಸಲಾಗದ ಸಿಟ್ಟು), ಭಾವ ಮುಚ್ಚಿಡುವ ಅವಹಿತ್ಥ ಬೇರೆಬೇರೆ ಸಿಗುತ್ತವೆ. ಒಂದು ಭಾಗಕ್ಕೆ ಎರಡೇ ಆರಿಸಲಿ, ಪ್ರತಿಯೊಂದಕ್ಕೂ ಪಠ್ಯದ ಒಂದು ಸಾಲು ತೋರಿಸಲಿ.

ಮಾತು ಪಾತ್ರದ್ದೋ ನಿರೂಪಕನದ್ದೋ ಎಂಬ ಗೊಂದಲಕ್ಕೆ: ‘ಅವಳು’ ತೆಗೆದು ‘ನಾನು’ ಹಾಕಿ ಓದಿ. ಒಪ್ಪಿದರೆ ಬಹುಮಟ್ಟಿಗೆ ಅವಳ ಯೋಚನೆ, ಒಪ್ಪದಿದ್ದರೆ ನಿರೂಪಕನ ವಿವರಣೆ.