ಪದಚರ್ಚೆ: ಉಸಿರಾಟ ಮತ್ತು ಮೆದುಳಿನ ‘ಹೈಯರ್ ಸೆಂಟರ್ಸ್’ – ಕನ್ನಡದಲ್ಲಿ ಏನೆನ್ನೋಣ?

ಕಾರವಾರದಿಂದ:
ಮಾನ್ಯರೇ, ಇಲ್ಲಿ ಶಾಲಾಮಕ್ಕಳಿಗಾಗಿ ನಡೆಯಲಿರುವ ವಿಜ್ಞಾನ ಪ್ರದರ್ಶನದ ಫಲಕಗಳನ್ನು ಕನ್ನಡಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದು, ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕಾಗಿದೆ. ಉಸಿರಾಟದ ಲಯ ಹುಟ್ಟುವುದು ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳುಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿ, 1991ರಲ್ಲಿ ಗುರುತಿಸಲಾದ ಪ್ರೀ-ಬಾಟ್ಸಿಂಗರ್ ಎಂಬ ನರಕೋಶಗಳ ಗುಂಪಿನಲ್ಲಿ. ಅದಕ್ಕಿಂತ ಮೇಲಿರುವ ಮೆದುಳಿನ ಭಾಗಗಳು ಈ ಲಯವನ್ನು ಹೇಗೆ ಮಾರ್ಪಡಿಸುತ್ತವೆ ಎಂಬುದೇ ಫಲಕದ ವಿಷಯ. ‘ಉನ್ನತ ಕೇಂದ್ರಗಳು’ ಎಂದು ಬರೆದರೆ ಬೆಂಗಳೂರಿನ ಯಾವುದೋ ಇಲಾಖೆಯಂತೆ ಕೇಳಿಸುತ್ತದೆ. ‘ಐಚ್ಛಿಕ ಉಸಿರಾಟ’ ಎಂದರೆ ಮಕ್ಕಳು ಅದನ್ನು ಐಚ್ಛಿಕ ಕನ್ನಡದ ಸಾಲಿಗೆ ಸೇರಿಸಿ, ಬೇಕಾದವರು ಮಾತ್ರ ಉಸಿರಾಡಬಹುದು ಎಂದುಕೊಂಡಾರು. ಬದಲಿ ಪದಗಳನ್ನು ದಯವಿಟ್ಟು ಸೂಚಿಸಿ.

ಶಿರಸಿಯಿಂದ:
‘ಮೇಲ್ಮೆದುಳು’ ಎನ್ನಿ, ಮುಗಿಯಿತು. ‘ಶ್ವಾಸಕ್ರಿಯೆ’ಯನ್ನು ಮಾತ್ರ ಫಲಕದ ಹತ್ತಿರವೂ ಸುಳಿಯಗೊಡಬೇಡಿ. ತಮಿಳಿನ ಪೆಯರ್ ನಮ್ಮಲ್ಲಿ ಪೆಸರ್ ಆಗಿರುವಂತೆ, ವಯಿಱು ಬಸಿಱ್ ಆಗಿರುವಂತೆ, ಅಲ್ಲಿನ ಉಯಿರ್ ಇಲ್ಲಿ ಉಸಿರ್ ಆಗಿದೆ; ಅಂದರೆ ಇದು ಸಂಸ್ಕೃತದ ಉಚ್ಛ್ವಾಸದಿಂದ ಸವೆದು ಬಂದದ್ದಲ್ಲ, ಅಪ್ಪಟ ದ್ರಾವಿಡ ಪದ. ಹಳಗನ್ನಡದಲ್ಲಿ ಉಸಿರ್ ಎಂಬುದಕ್ಕೆ ಮಾತಾಡು ಎಂಬ ಅರ್ಥವೂ ಇತ್ತು. ‘ಯಾರಲ್ಲೂ ಉಸುರಬೇಡ’ ಎಂದು ಈಗಲೂ ಹೇಳುತ್ತೇವೆ. ಮಾತು ಉಸಿರನ್ನು ಆಳುತ್ತದೆ ಎಂಬ ನಿಮ್ಮ ವಿಜ್ಞಾನವನ್ನು ಭಾಷೆಯೇ ಒಂದು ಪದದಲ್ಲಿ ಇಟ್ಟುಕೊಂಡಿರುವಾಗ ಸಾಲ ತರುವ ಅಗತ್ಯವೇನು? ಐಚ್ಛಿಕಕ್ಕೆ ‘ಬೇಕೆಂದು ಆಡುವ ಉಸಿರು’ ಸಾಕು.

ಅಂಕೋಲಾದಿಂದ:
ಶಿರಸಿಯ ಮಾಸ್ತರರ ವ್ಯುತ್ಪತ್ತಿ ಸರಿಯಾಗಿದೆ, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಮೇಲ್ಮೆದುಳು ಮತ್ತು ಉಸಿರು ಒಂದೇ ಫಲಕದಲ್ಲಿ ಬಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ‘ಮೇಲುಸಿರು’, ಅಂದರೆ ಸಾಯುವವರಿಗೆ ಹತ್ತುವ ಉಸಿರು. ಇನ್ನು ‘ಶ್ವಾಸ’ವನ್ನು ಊರಿಂದಾಚೆ ಅಟ್ಟುವ ವಿಚಾರ: ಕಾರವಾರದ ಎಷ್ಟೋ ಮಕ್ಕಳು ಮನೆಯಲ್ಲಿ ಆಡುವುದು ಕೊಂಕಣಿ, ಅವರಿಗೆ ಶ್ವಾಸವೇ ಮನೆಯ ಮಾತು, ಉಸಿರು ಶಾಲೆಯಲ್ಲಿ ಕಲಿತದ್ದು. ಶುದ್ಧತೆಯ ಹಟ ಘಟ್ಟ ಇಳಿಯುವಾಗ ಇಷ್ಟಾದರೂ ನೋಡಿಕೊಳ್ಳಬೇಕು.

ಕುಮಟಾದಿಂದ:
ನಾನು ವೈದ್ಯೆ, ಪದಕ್ಕಿಂತ ಮೊದಲು ಅರ್ಥವನ್ನು ನೇರ ಮಾಡಿಕೊಳ್ಳೋಣ. ಮಾಸ್ತರರ ‘ಬೇಕೆಂದು ಆಡುವ ಉಸಿರು’ ಇಡೀ ವಿಷಯವನ್ನು ಹಿಡಿಯುವುದಿಲ್ಲ, ಏಕೆಂದರೆ ಮೇಲಿನಿಂದ ಬರುವುದೆಲ್ಲ ಬೇಕೆಂದು ಬರುವುದಲ್ಲ. ಯಕ್ಷಗಾನದ ಭಾಗವತರು ಹಾಡಿನ ನಡುವೆ ಗಬಕ್ಕನೆ ಉಸಿರೆಳೆದುಕೊಂಡು ಅದನ್ನು ಸಾಲಿನ ಕೊನೆಯವರೆಗೆ ಅಳೆದಳೆದು ಬಿಡುವಾಗ, ಮೆದುಳಿನ ಹೊರಪದರವಾದ ಕಾರ್ಟೆಕ್ಸಿನಿಂದ ಹೊರಟ ನರತಂತುಗಳು ಮೆಡುಲ್ಲಾದ ಲಯವನ್ನು ಬದಿಗಿಟ್ಟು, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯಲ್ಲಿರುವ ವಪೆಯ (ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಿನ) ನರಕೋಶಗಳನ್ನು ನೇರವಾಗಿಯೂ ತಲುಪಬಲ್ಲವು. ಭಯ, ಅಳು, ನಗುಗಳ ದಾರಿಯೇ ಬೇರೆ: ಮೆದುಳಿನ ಆಳದಲ್ಲಿದ್ದು ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ, ಹೈಪೋಥಲಾಮಸ್‌ಗಳು ಮೆದುಳುಕಾಂಡದ ಮೂಲಕವೇ ಉಸಿರನ್ನು ಬದಲಿಸುತ್ತವೆ. ಮೆದುಳುಕಾಂಡದ ನಡುಭಾಗವಾದ ಪಾನ್ಸ್‌ನ ಮುಂಭಾಗಕ್ಕೆ ಪೆಟ್ಟು ಬಿದ್ದು ದೇಹವೆಲ್ಲ ಸ್ತಬ್ಧವಾದ ರೋಗಿಗೆ ‘ಉಸಿರು ಬಿಗಿಹಿಡಿಯಿರಿ’ ಎಂದರೆ ಆಗದಿರಬಹುದು, ಆದರೆ ನಗು ಬಂದಾಗ ಅದೇ ರೋಗಿಯ ಉಸಿರು ಬದಲಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಫಾಕ್ಸ್2ಬಿ ವಂಶವಾಹಿಯ ದೋಷವಿರುವ ಮಕ್ಕಳು ಎಚ್ಚರವಿದ್ದಾಗ ಉಸಿರಾಡಿದರೂ ನಿದ್ದೆಯಲ್ಲಿ, ತಾನಾಗಿ ನಡೆಯಬೇಕಾದ ಅವರ ಉಸಿರಾಟ ಕುಗ್ಗಿಹೋಗುತ್ತದೆ.

ಆದ್ದರಿಂದ ‘ಮೆದುಳಿನ ಮೇಲಿನ ಭಾಗಗಳು’ ಎಂಬ ಸಾದಾ ಮಾತೇ ಸಾಕು. ಅವು ಮೇಲಿವೆ, ಅಷ್ಟೆ, ಹಿರಿಯ ಅಧಿಕಾರಿಗಳೇನಲ್ಲ. ಒಳಗೆ ‘ಇಚ್ಛೆಯಿಂದ’, ‘ಭಾವದಿಂದ’, ‘ತಾನಾಗಿ’ ಎಂದು ಮೂರು ಬಗೆ ಮಾಡಿ. ಅಲ್ಲದೆ ‘ನಿಯಂತ್ರಣ’ ಎಂಬುದನ್ನು ಮೆಡುಲ್ಲಾಕ್ಕೇ ಬಿಟ್ಟು ಮೇಲಿನವಕ್ಕೆ ‘ಪ್ರಭಾವ’ ಎನ್ನುವುದು ಸರಿ, ಏಕೆಂದರೆ ಉಸಿರು ಬಿಗಿಹಿಡಿದವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋದಂತೆ ಎಂಥ ಹಟಮಾರಿಯ ಇಚ್ಛೆಯೂ ಸೋಲುತ್ತದೆ.

ಶಿರಸಿಯಿಂದ:
‘ಮೇಲಿನ ಭಾಗಗಳು’ ಒಪ್ಪಿದೆ. ‘ಇಚ್ಛೆ’, ‘ಭಾವ’, ‘ಪ್ರಭಾವ’ ಮೂರೂ ಸಂಸ್ಕೃತದಿಂದ ಸಾಲ ತಂದವು, ಒಪ್ಪುವುದಿಲ್ಲ.

ಕಾರವಾರದಿಂದ:
ಫಲಕಕ್ಕೆ ಹೋಗುವ ಪಾಠ ಇದು: ‘ಉಸಿರಿನ ಲಯ ಮೆಡುಲ್ಲಾದಲ್ಲಿ ತಾನಾಗಿ ಹುಟ್ಟುತ್ತದೆ. ಹಾಡುವಾಗ ಇಚ್ಛೆಯಿಂದಲೂ, ಹೆದರಿದಾಗ ಭಾವದಿಂದಲೂ ಮೆದುಳಿನ ಮೇಲಿನ ಭಾಗಗಳು ಅದರ ಮೇಲೆ ಪ್ರಭಾವ ಬೀರುತ್ತವೆ.’ ಮಾಸ್ತರರು ನಾಳೆ ಮಧ್ಯಾಹ್ನದೊಳಗೆ ಆ ಮೂರಕ್ಕೂ ಎಂಟನೆಯ ತರಗತಿಯವರಿಗೆ ಅರ್ಥವಾಗುವ ಅಚ್ಚಗನ್ನಡದ ಪದಗಳನ್ನು ಕಳಿಸಿದರೆ ಬದಲಾಯಿಸುತ್ತೇನೆ.