ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ರಾಟ್‌ವೀಲರ್ ನಾಯಿ: ಹೇಗೆ ನಿಭಾಯಿಸಬೇಕು?

ಪ್ರಶ್ನೆ – ಮೈಸೂರಿನ ತಾಯಿ

ಅತ್ತೆ, ಮಾವ, ಮೈದುನ ಎಲ್ಲರೂ ಒಟ್ಟಿಗಿರುವ ಮನೆ ನಮ್ಮದು. ಮೈದುನ ಮರಿಯಿಂದ ಸಾಕಿದ ಐದು ವರ್ಷದ ಗಂಡು ರಾಟ್‌ವೀಲರ್ ನಾಯಿ ಮನೆಯೊಳಗೇ ಬಿಡುಬೀಸಾಗಿ ಓಡಾಡಿಕೊಂಡಿದೆ. ಇದುವರೆಗೆ ಯಾರನ್ನೂ ಕಚ್ಚಿದ್ದಿಲ್ಲ, ಮನೆಯವರೆಲ್ಲರ ಮಾತನ್ನೂ ಕೇಳುತ್ತದೆ. ನನ್ನ ಮಗಳಿಗೆ ಈಗ ಒಂಬತ್ತು ತಿಂಗಳು; ಅಂಬೆಗಾಲಿಡಲು ಶುರುಮಾಡಿದಂದಿನಿಂದ ನಾಯಿಯ ಊಟದ ತಟ್ಟೆಯ ಕಡೆಗೇ ಹೋಗುತ್ತಾಳೆ. ಮೊನ್ನೆ ಅವಳು ಬಾಲ ಹಿಡಿದೆಳೆದಾಗ ನಾಯಿ ಮೈ ಬಿಗಿಹಿಡಿದು ನಿಂತಿತು, ನಾಲಿಗೆಯಿಂದ ಮೂತಿ ಸವರಿಕೊಂಡಿತು, ಮುಖ ಆಚೆ ತಿರುಗಿಸಿ ಸಣ್ಣಗೆ ಗುರುಗುಟ್ಟಿತು. ಮೈದುನ ಗದರಿಸಿ ಅದರ ಮೂತಿಗೆ ಒಂದು ಏಟು ಕೊಟ್ಟ. ಮಗು ಮತ್ತು ನಾಯಿ ಒಟ್ಟಿಗೇ ಬೆಳೆದರೆ ತಾವಾಗಿಯೇ ಹೊಂದಿಕೊಳ್ಳುತ್ತವೆ ಎಂಬುದು ಮನೆಯವರ ನಂಬಿಕೆ. ನನ್ನ ಭಯ ಅತಿಯಾದದ್ದೇ? ಈ ತಳಿಯನ್ನು ಸರ್ಕಾರ ನಿಷೇಧಿಸಿದೆ ಎಂದೂ ಕೇಳಿದ್ದೇನೆ, ಅದು ನಿಜವೇ? ತಿಳಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ – ಪಶುವೈದ್ಯ, ಶಿವಮೊಗ್ಗ

ನಿಮ್ಮ ಭಯ ಅತಿಯಾದದ್ದಲ್ಲ, ತಾಯಿ. ನೀವು ವಿವರಿಸಿರುವ ಮೈ ಬಿಗಿತ, ಮೂತಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಆಮೇಲೆ ಗುರುಗುಟ್ಟುವುದು, ಇವು ಒಂದರ ನಂತರ ಒಂದರಂತೆ ನಾಯಿ ಕೊಡುವ ಎಚ್ಚರಿಕೆಗಳು. ‘ನನಗೆ ಇದು ಸಹನೆಯಾಗುತ್ತಿಲ್ಲ, ದೂರ ಸರಿಯಿರಿ’ ಎಂದು ಹೇಳಲು ಅದಕ್ಕಿರುವ ದಾರಿಯೇ ಇದು. ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ನಿದ್ದೆಯಿಲ್ಲದಿದ್ದರೂ ಪದೇಪದೇ ಆಕಳಿಸುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ದೊಡ್ಡವರು ಇಂಥ ಸೂಚನೆ ಕಂಡರೆ ಹಿಂದೆ ಸರಿದಾರು, ಒಂಬತ್ತು ತಿಂಗಳ ಮಗುವಿಗೆ ಅದು ತಿಳಿಯುವುದಿಲ್ಲ. ಮಗು ಎಳೆಯುತ್ತಲೇ ಇರುತ್ತದೆ, ಎಚ್ಚರಿಕೆಗೆ ಉತ್ತರ ಸಿಗದ ನಾಯಿ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ.

ಆದ್ದರಿಂದಲೇ ಗುರುಗುಟ್ಟಿದ್ದಕ್ಕೆ ಏಟು ಕೊಟ್ಟದ್ದು ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಹೊಡೆತ ತಿಂದ ನಾಯಿಯ ಅಸಹನೆ ಕಡಿಮೆಯಾಗುವುದಿಲ್ಲ. ಗುರುಗುಟ್ಟಬಾರದು ಎಂಬುದನ್ನಷ್ಟೇ ಅದು ಕಲಿಯುತ್ತದೆ. ‘ಏನೂ ಸೂಚನೆಯಿಲ್ಲದೆ ಒಮ್ಮೆಲೇ ಕಚ್ಚಿಬಿಟ್ಟಿತು’ ಎಂದು ದುಃಖಿಸುತ್ತ ಬರುವ ಮನೆಗಳಲ್ಲಿ ಎಷ್ಟೋ ಬಾರಿ ಆ ಸೂಚನೆಗಳನ್ನು ಮನೆಯವರೇ ಹೊಡೆದು ಅಳಿಸಿರುತ್ತಾರೆ. ಇನ್ನು ‘ಇದುವರೆಗೆ ಕಚ್ಚಿಲ್ಲ’ ಎಂಬ ಮಾತನ್ನೂ ಸ್ವಲ್ಪ ಯೋಚಿಸಿ ನೋಡಿ. ಈ ನಾಯಿಯ ಐದು ವರ್ಷದ ಬದುಕಿನಲ್ಲಿ ಅದರ ತಟ್ಟೆಗೆ ಕೈಹಾಕುವ, ಮಲಗಿದ್ದಾಗ ಮೈಮೇಲೆ ಬೀಳುವ, ಕಿರುಚುತ್ತ ಮುಖದ ಹತ್ತಿರ ಬರುವ ಜೀವ ಈ ಮನೆಯಲ್ಲಿ ಇರಲಿಲ್ಲ. ಹಳೆಯ ಒಳ್ಳೆಯ ನಡತೆ ಈ ಹೊಸ ಸನ್ನಿವೇಶಕ್ಕೆ ಪುರಾವೆಯಾಗದು. ಜೊತೆಗೆ, ಬೆಳೆದ ಗಂಡು ರಾಟ್‌ವೀಲರ್ 50 ಕಿಲೋ ಆಸುಪಾಸು ತೂಗುತ್ತದೆ. ಅದು ದ್ವೇಷದಿಂದ ಕಚ್ಚಬೇಕೆಂದೇನೂ ಇಲ್ಲ, ಆಟವಾಡುತ್ತ ತಳ್ಳಿದರೂ ಮಗುವಿನ ತಲೆ ನೆಲಕ್ಕೆ ಬಡಿದೀತು.

ಮಾಡಬೇಕಾದದ್ದು ಇಷ್ಟು. ನಡುಮನೆಗೂ ಮಗು ಆಡುವ ಕೋಣೆಗೂ ನಡುವೆ ಗಟ್ಟಿಯಾದ ಬೇಬಿ ಗೇಟ್ ಹಾಕಿಸಿ. ಈ ನಾಯಿ ಹಾರಲಾರದಷ್ಟು, ತಳ್ಳಿ ಬೀಳಿಸಲಾರದಷ್ಟು ಎತ್ತರ ಮತ್ತು ಬಲ ಅದಕ್ಕಿರಬೇಕು. ನಾಯಿಯ ಊಟ ಬಾಗಿಲು ಮುಚ್ಚಿದ ಬೇರೆ ಜಾಗದಲ್ಲಿ ಆಗಲಿ, ಉಂಡ ಕೂಡಲೇ ತಟ್ಟೆ ಎತ್ತಿಡಿ, ಮೂಳೆ ಮತ್ತು ಆಟಿಕೆಗಳನ್ನೂ ಮಗುವಿಗೆ ಸಿಗುವ ಕಡೆ ಬಿಡಬೇಡಿ. ಇಬ್ಬರೂ ಒಂದೇ ಕೋಣೆಯಲ್ಲಿರುವಾಗ ದೊಡ್ಡವರೊಬ್ಬರು ಕೈಯಳತೆಯಲ್ಲಿ ಇರಬೇಕು, ಕಣ್ಣು ಮೊಬೈಲಿನ ಮೇಲಿರಬಾರದು. ‘ಒಂದು ನಿಮಿಷ ಹಾಲು ಕಾಯಿಸಿ ಬರುತ್ತೇನೆ’ ಎಂದು ಹೋಗುವಾಗ ಮಗುವನ್ನು ಎತ್ತಿಕೊಂಡು ಹೋಗಿ, ಇಲ್ಲವೇ ನಾಯಿಯನ್ನು ಹೊರಗೆ ಬಿಟ್ಟು ಬಾಗಿಲು ಹಾಕಿ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುವುದು ಮಾತ್ರ ಪರಿಹಾರವಲ್ಲ, ಅದರಿಂದ ನಾಯಿಯ ಸಿಡುಕು ಹೆಚ್ಚುತ್ತದೆ. ಬೆಳಿಗ್ಗೆ ಸಂಜೆ ಚೆನ್ನಾಗಿ ನಡೆಸಿಕೊಂಡು ಬರಬೇಕು, ಯಾರೂ ಕಾಡದ ಅದರದೇ ಒಂದು ಮೂಲೆ ಇರಬೇಕು. ಒಮ್ಮೆ ಪಶುವೈದ್ಯರಿಂದ ಪೂರ್ತಿ ತಪಾಸಣೆಯನ್ನೂ ಮಾಡಿಸಿ, ಏಕೆಂದರೆ ಕಿವಿನೋವು, ಸೊಂಟದ ಕೀಲುನೋವು ಇರುವ ನಾಯಿ ಮುಟ್ಟಿದರೆ ಸಿಟ್ಟಾಗುತ್ತದೆ, ಈ ತಳಿಯಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯ.

ಉತ್ತರ – ಮಕ್ಕಳ ವಾರ್ಡಿನ ಶುಶ್ರೂಷಕಿ, ಹುಬ್ಬಳ್ಳಿ

ವೈದ್ಯರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದೆರಡು ಮಾತು. ದೊಡ್ಡವರಿಗೆ ನಾಯಿ ಕಚ್ಚುವುದು ಹೆಚ್ಚಾಗಿ ಕಾಲಿಗೆ, ಕೈಗೆ. ಎಳೆಯ ಮಕ್ಕಳಿಗಾದರೆ ಮುಖಕ್ಕೆ, ತಲೆಗೆ, ಕತ್ತಿಗೆ, ಏಕೆಂದರೆ ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ಚಿಕ್ಕ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಮನೆಯ ಅಥವಾ ಪರಿಚಯದ ನಾಯಿಯೇ ಎಂಬುದನ್ನೂ ನಿಮ್ಮ ಮನೆಯವರಿಗೆ ತಿಳಿಸಿ.

ಕಚ್ಚಿದರೆ ಅಥವಾ ಹಲ್ಲು ತಾಗಿ ಚರ್ಮ ಕೆರೆದರೆ, ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆಯೊಂದೇ ಸಾಲದು, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಹಾಕಿಸಬೇಕಾಗುತ್ತದೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಲಸಿಕೆ 0 (ಮೊದಲ ಚುಚ್ಚುಮದ್ದಿನ ದಿನ), 3, 7, 14 ಮತ್ತು 28ನೆಯ ದಿನಗಳಂದು ಬೀಳುತ್ತದೆ, ನಡುವೆ ಒಂದನ್ನೂ ತಪ್ಪಿಸಬಾರದು. ಮುಖದ ಗಾಯ ಮಿದುಳಿಗೆ ಹತ್ತಿರವಾದ್ದರಿಂದ ಇನ್ನೂ ಅವಸರ ಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಬಹುತೇಕ ಅಸಾಧ್ಯ. ‘ನಮ್ಮ ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸಿದ್ದೇವೆ’ ಎಂದು ಮನೆಯಲ್ಲೇ ಉಳಿಯಬೇಡಿ, ಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ.

ಉತ್ತರ – ನಾಯಿ ಸಾಕುವವರು, ಬೆಂಗಳೂರು

ನಿಷೇಧದ ಬಗ್ಗೆ: 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆಯು 23 ತಳಿಗಳ ಮಾರಾಟ ಮತ್ತು ಸಾಕಣೆಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಪತ್ರ ಬರೆದಿತ್ತು, ಅದರಲ್ಲಿ ಪಿಟ್‌ಬುಲ್ ಜೊತೆಗೆ ರಾಟ್‌ವೀಲರ್ ಹೆಸರೂ ಇತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಮುಂದಿನ ತಿಂಗಳೇ ಅದನ್ನು ರದ್ದುಪಡಿಸಿತು. ಆದರೆ ಸಾಕಿದವರ ಹೊಣೆ ಹಾಗೆಯೇ ಇದೆ. ಸಾಕುಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ನಿರ್ಲಕ್ಷಿಸುವುದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಅಪರಾಧ. ನಾನು ನಾಯಿಗಳನ್ನು ಪ್ರಾಣದಂತೆ ಪ್ರೀತಿಸುವವನು, ಅದಕ್ಕಾಗಿಯೇ ಹೇಳುತ್ತೇನೆ: ಮಗುವಿಗೆ ಏನಾದರೂ ಆದರೆ ನಾಯಿಯನ್ನೂ ಯಾರೂ ಉಳಿಸುವುದಿಲ್ಲ. ಗೇಟ್ ಹಾಕುವುದು ಎರಡು ಜೀವಗಳನ್ನೂ ಕಾಯುವ ಕೆಲಸ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗೇಟಿಗೆ ಮಾವನವರು ಒಪ್ಪಿದ್ದಾರೆ. ನಾಯಿಯನ್ನು ಊರಿನ ತೋಟದ ಮನೆಗೆ ಕಳಿಸಿ, ಮಗುವಿನ ಸಂತೋಷಕ್ಕೆ ಅಕ್ವೇರಿಯಂ ಅಂಗಡಿಯಿಂದ ಪುಟ್ಟ ಆಮೆಯೊಂದನ್ನು ತರೋಣ ಎಂಬುದು ನಮ್ಮ ಯಜಮಾನರ ಸಲಹೆ. ಆಮೆಯಾದರೆ ಅಪಾಯವಿಲ್ಲವಲ್ಲವೇ?

ಉತ್ತರ – ಮಕ್ಕಳ ವಾರ್ಡಿನ ಶುಶ್ರೂಷಕಿ, ಹುಬ್ಬಳ್ಳಿ

ದಯವಿಟ್ಟು ತರಬೇಡಿ. ಆಮೆ ನೋಡಲು ಆರೋಗ್ಯವಾಗಿದ್ದರೂ ಅದರ ಚಿಪ್ಪಿನ ಮೇಲೆ ಮತ್ತು ತೊಟ್ಟಿಯ ನೀರಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗೆ ಅದರಿಂದ ತೀವ್ರ ಭೇದಿ, ಜ್ವರ ಬರಬಹುದು, ಕೆಲವೊಮ್ಮೆ ಸೋಂಕು ರಕ್ತಕ್ಕೂ ಹರಡುತ್ತದೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಿದರು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಅದು ಸಲ್ಲದು.

ಉತ್ತರ – ಪಶುವೈದ್ಯ, ಶಿವಮೊಗ್ಗ

ನಾಯಿಯನ್ನು ತೋಟಕ್ಕೆ ಕಳಿಸುವ ವಿಚಾರಕ್ಕೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಮನೆಯೊಳಗೆ ಮಂದಿಯ ನಡುವೆ ಬೆಳೆದ ಪ್ರಾಣಿಯನ್ನು ತೋಟದಲ್ಲಿ ಒಂಟಿಯಾಗಿ ಕಟ್ಟಿದರೆ ಅದು ಇನ್ನಷ್ಟು ಕೆರಳುತ್ತದೆ, ಹಬ್ಬಕ್ಕೆಂದು ನೀವು ಮಗುವಿನೊಡನೆ ಅಲ್ಲಿಗೆ ಹೋದಾಗ ಅಪಾಯ ಇಮ್ಮಡಿಯಾಗುತ್ತದೆ. ಮೊದಲು ಗೇಟ್ ಬರಲಿ. ಯಾವ ಹೊತ್ತಿನಲ್ಲಿ ನಾಯಿಯ ಹೊಣೆ ಯಾರದೆಂದು ಮೈದುನನ ಜೊತೆ ಕೂತು ಗೊತ್ತುಮಾಡಿಕೊಳ್ಳಿ. ಅವರು ಒಪ್ಪದಿದ್ದರೆ, ಅಥವಾ ಇಷ್ಟೆಲ್ಲ ಮಾಡಿದ ಮೇಲೂ ಮಗುವನ್ನು ಕಂಡಾಗ ನಾಯಿ ಮೈ ಬಿಗಿಹಿಡಿಯುತ್ತಿದ್ದರೆ, ಚಿಕ್ಕ ಮಕ್ಕಳಿಲ್ಲದ, ದೊಡ್ಡ ನಾಯಿ ಸಾಕಿ ಅನುಭವವಿರುವ ಮನೆಯೊಂದನ್ನು ಹುಡುಕಿ. ಅದು ಗುರುಗುಟ್ಟಿದ್ದನ್ನು ಮುಚ್ಚಿಡದೆ ಹೇಳಿ, ಲಸಿಕೆಯ ಪುಸ್ತಕದೊಂದಿಗೆ ಒಪ್ಪಿಸಿ. ಅಲ್ಲಿಯವರೆಗೆ ರಾತ್ರಿ ಮಗು ಮಲಗುವ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಳ್ಳಿ.