ಸಣ್ಣ ಟ್ರ್ಯಾಕ್ಟರ್‌ಗೆ ಎಲೆಕ್ಟ್ರಿಕ್ ಗ್ರ್ಯಾಪಲ್: ಹಿಡಿತ ಸಾಕಾಗುತ್ತಾ?

ಬೇಲಿಯಂಚು

ಎಲ್ಲರಿಗೂ ನಮಸ್ಕಾರ. ನನ್ನದು 24 ಎಚ್‌ಪಿ ಟ್ರ್ಯಾಕ್ಟರ್, ಮುಂದೆ ಲೋಡರ್ ಇದೆ. ಲೋಡರ್ ವಾಲ್ವ್‌ನಲ್ಲಿ ಎರಡೇ ಎಣ್ಣೆ ಲೈನ್. ಒಂದು ತೋಳು ಎತ್ತಿ ಇಳಿಸಲು, ಇನ್ನೊಂದು ಬಕೆಟ್ ಮಗುಚಲು. ಗ್ರ್ಯಾಪಲ್‌ಗೆ, ಅಂದರೆ ಕೊಂಬೆ ದಿಮ್ಮಿ ಕಚ್ಚಿ ಹಿಡಿಯುವ ದವಡೆಗೆ, ಬೇಕಾದ ಮೂರನೇ ಲೈನ್ ಇಲ್ಲ. ಕಡಿದ ಕೊಂಬೆ, ಮುಳ್ಳುಕಂಟಿ, ಆಗಾಗ ಒಂದೊಂದು ದಿಮ್ಮಿ ಸಾಗಿಸುವುದು, ಇಷ್ಟೇ ನನ್ನ ಕೆಲಸ. ಕೊಂಬೆಗಳನ್ನು ಬಕೆಟ್‌ಗೆ ತುಂಬಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ಉದುರುತ್ತವೆ, ಮತ್ತೆ ಇಳಿದು ಕೈಯಲ್ಲೇ ಎತ್ತಿ ಹಾಕಬೇಕು. ಸಾಕಾಗಿ ಹೋಗಿದೆ.

ಈಗ 12 ವೋಲ್ಟ್ ಆಕ್ಚುಯೇಟರ್ (ಮೋಟರ್ ಸ್ಕ್ರೂ ತಿರುಗಿಸಿ ರಾಡ್ ತಳ್ಳುವ ಸಾಧನ) ಇರುವ ಗ್ರ್ಯಾಪಲ್ ಹಾಕಿಸೋಣ ಅಂತ ಯೋಚನೆ. ಎಣ್ಣೆ ಪೈಪ್ ಬೇಡ, ಬ್ಯಾಟರಿಯಿಂದ ಎರಡು ವೈರ್ ಎಳೆದರೆ ಆಯ್ತು ಅಂತಾರೆ. ಅಷ್ಟು ಸುಲಭನಾ? ಆ ಸಣ್ಣ ಮೋಟರ್ ದಿಮ್ಮಿಯನ್ನು ಗಟ್ಟಿಯಾಗಿ ಹಿಡಿಯುತ್ತಾ? ಬ್ಯಾಟರಿ ಖಾಲಿ ಆಗಲ್ವಾ? ಬಳಸಿದವರು ಹೇಳಿ.

ಹಳೇಲೋಡರ್

ನಾನು ಎಲೆಕ್ಟ್ರಿಕ್ಕೇ ಬಳಸುವುದು. ನಿಮ್ಮ ಕೆಲಸಕ್ಕೆ ಸಾಕು ಅಂತ ಮೊದಲೇ ಹೇಳಿಬಿಡುತ್ತೇನೆ, ಆದರೆ ಯಾಕೆ ಸಾಕು ಅನ್ನುವುದು ಗೊತ್ತಿರಲಿ.

ದಿಮ್ಮಿಯ ಭಾರ ಹೊರುವುದು ಕೆಳಗಿನ ಹಲ್ಲುಗಳು. ಮೇಲಿನ ದವಡೆ ಅದು ಉರುಳದ ಹಾಗೆ ಅದುಮಿ ಹಿಡಿಯುತ್ತೆ ಅಷ್ಟೇ. ಹಲ್ಲುಗಳನ್ನು ದಿಮ್ಮಿಯ ಅಡಿಗೆ ತೂರಿಸಿ, ಸ್ವಲ್ಪ ಹಿಂದಕ್ಕೆ ಮಡಚಿ, ಆಮೇಲೆ ದವಡೆ ಮುಚ್ಚಿದರೆ 200 ಕೆಜಿ ದಿಮ್ಮಿಗೂ 200 ಕೆಜಿ ಹಿಡಿತ ಬೇಕಾಗಲ್ಲ. ಅದೇ ಬೊಡ್ಡೆಯನ್ನು ದವಡೆಯಲ್ಲಿ ಕಚ್ಚಿ ನೆಲದಿಂದ ಕೀಳುತ್ತೇನೆ ಅಂದರೆ ಕಥೆ ಬೇರೆ. ಆ ಕೆಲಸಕ್ಕೆ ಎಲೆಕ್ಟ್ರಿಕ್ ಬೇಡವೇ ಬೇಡ.

ಇನ್ನು ಬಲದ ಲೆಕ್ಕ. ಆಕ್ಚುಯೇಟರ್ ಮೇಲೆ 500 ಕೆಜಿ ಅಂತ ಬರೆದಿದ್ದರೆ ಹಲ್ಲಿನ ತುದಿಯಲ್ಲಿ 500 ಸಿಗಲ್ಲ. ದವಡೆಯ ಪಿನ್‌ನಿಂದ ಆಕ್ಚುಯೇಟರ್ ಸೇರುವ ಜಾಗ 15 ಸೆಂ.ಮೀ ದೂರ, ಹಲ್ಲಿನ ತುದಿ 60 ಸೆಂ.ಮೀ ದೂರ ಅಂತಿಟ್ಟುಕೊಳ್ಳಿ. ತುದಿಗೆ ಸಿಗುವುದು ಕಾಲು ಭಾಗ, ಅಂದರೆ 125 ಕೆಜಿ. ಅದೂ ಆಕ್ಚುಯೇಟರ್ ದವಡೆಯ ತೋಳಿಗೆ ನೇರ 90 ಡಿಗ್ರಿಯಲ್ಲಿ ತಳ್ಳುವಾಗ ಮಾತ್ರ. ಕೋನ 30 ಡಿಗ್ರಿಗೆ ಇಳಿದರೆ ಅದರಲ್ಲೂ ಅರ್ಧ. ಹಾಗಾಗಿ ಕೊಳ್ಳುವ ಮುಂಚೆ ದವಡೆಯನ್ನು ನೀವು ಸಾಮಾನ್ಯವಾಗಿ ಹಿಡಿಯುವ ದಿಮ್ಮಿಯ ದಪ್ಪಕ್ಕೆ ಮುಚ್ಚಿಸಿ, ಆಗ ಕೋನ ಹೇಗಿದೆ ಅಂತ ನೋಡಿ. ಪೂರ್ತಿ ತೆರೆದಾಗ ಚೆನ್ನಾಗಿ ಕಾಣಿಸಿದ್ದು ಹಿಡಿಯುವ ಹೊತ್ತಿಗೆ ಸೋತಿರುತ್ತೆ, ಕೆಲವು ಮಾಡೆಲ್‌ಗಳ ದೊಡ್ಡ ಕೊರತೆಯೇ ಇದು.

ನನಗೆ ತುಂಬಾ ಇಷ್ಟವಾದ ಗುಣ ಅಂದರೆ, ಒಳಗೆ ಸಾದಾ ಸ್ಕ್ರೂ ಇರುವ ಆಕ್ಚುಯೇಟರ್ ನಿಂತಲ್ಲೇ ಲಾಕ್ ಆಗುತ್ತೆ. ಕರೆಂಟ್ ಹೋದರೂ ದವಡೆ ಬಿಚ್ಚಿಕೊಳ್ಳಲ್ಲ. ಒಳಗೆ ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂ ಇರುವುದಾದರೆ ತಾನಾಗಿ ಲಾಕ್ ಆಗಲ್ಲ, ಬ್ರೇಕ್ ಇದೆಯಾ ಅಂತ ಕೇಳಿ. ಕೊಂಬೆ ಹೊರೆ ಮಾತ್ರ ಹಳ್ಳದಿಣ್ಣೆಯಲ್ಲಿ ಕುಲುಕಿ ಕುಲುಕಿ ಕುಗ್ಗುತ್ತೆ, ಹಿಡಿತ ಸಡಿಲ ಆಗುತ್ತೆ, ಆಗ ಇನ್ನೊಂದು ಸಲ ಸ್ವಿಚ್ ಒತ್ತಿ ಬಿಗಿ ಮಾಡಿಕೊಳ್ಳಬೇಕು.

ಎಣ್ಣೆಕೈ

ಬೇಜಾರು ಮಾಡ್ಕೋಬೇಡಿ, ನಾನು ಹೈಡ್ರಾಲಿಕ್ ಪರ. 50 ಮಿ.ಮೀ ಸಿಲಿಂಡರ್‌ಗೆ 140 ಬಾರ್ ಒತ್ತಡ ಕೊಟ್ಟರೆ ಹೆಚ್ಚುಕಮ್ಮಿ 2.8 ಟನ್ ತಳ್ಳುತ್ತೆ. ಅದೇ 15ಕ್ಕೆ 60ರ ಲೆಕ್ಕದಲ್ಲಿ ತುದಿಗೆ 700 ಕೆಜಿ ಹತ್ತಿರ ಬಂತು. 125 ಎಲ್ಲಿ, 700 ಎಲ್ಲಿ! ವೇಗವೂ ಜಾಸ್ತಿ. ಸ್ಕ್ರೂ ಸೆಕೆಂಡಿಗೆ 20 ಮಿ.ಮೀ ಹೋದರೆ 250 ಮಿ.ಮೀ ಸ್ಟ್ರೋಕ್ ಮುಗಿಸಲು 12 ಸೆಕೆಂಡ್ ದಾಟುತ್ತೆ, ದಿನವಿಡೀ ಕೆಲಸ ಮಾಡುವವನಿಗೆ ಅದು ಆಗಿಬರಲ್ಲ.

ಮೂರನೇ ಲೈನ್ ಇಲ್ಲ ಅಂದಿರಿ, ಅದಕ್ಕೂ ದಾರಿ ಇದೆ. ಬಕೆಟ್ ಮಗುಚುವ ಲೈನ್‌ಗೆ ಸೊಲೆನಾಯ್ಡ್ ಡೈವರ್ಟರ್ ವಾಲ್ವ್ ಹಾಕಿದರೆ ಗುಂಡಿ ಒತ್ತಿದಾಗ ಎಣ್ಣೆ ಗ್ರ್ಯಾಪಲ್‌ಗೆ ಹೋಗುತ್ತೆ, ಬಿಟ್ಟಾಗ ಬಕೆಟ್‌ಗೆ. ಎರಡೂ ಒಟ್ಟಿಗೆ ಆಡಲ್ಲ, ಅದೊಂದೇ ಕೊರತೆ.

ಹಳೇಲೋಡರ್

ನೀವು ಹೇಳಿದ ಲೆಕ್ಕ ಸರಿ ಸರ್, ಅದನ್ನು ಅಲ್ಲಗಳೆಯಲ್ಲ. ಕಲ್ಲು, ಬೊಡ್ಡೆ, ಇಡೀ ದಿನದ ಕೆಲಸ ಇದ್ದವರು ಹೈಡ್ರಾಲಿಕ್ಕೇ ಹಾಕಿಸಬೇಕು. ಆದರೆ ಇಂಥ ಸಣ್ಣ ಟ್ರ್ಯಾಕ್ಟರ್‌ಗೆ ಅಂತ ಹಗುರಾಗಿ ಮಾಡಿದ ಗ್ರ್ಯಾಪಲ್‌ಗೆ 700 ಕೆಜಿ ಕೊಟ್ಟರೆ ಹಲ್ಲು ಬಾಗುವುದೂ ಇದೆ. ಮುಳ್ಳುಕಂಟಿ ಸಾಗಿಸಲು ಅಷ್ಟು ಬಲ ಯಾಕೆ ಬೇಕು?

ತಂತಿಮನುಷ್ಯ

"ಎರಡು ವೈರ್ ಎಳೆದರೆ ಆಯ್ತು" ಅನ್ನುವ ಮಾತಿಗೆ ಉತ್ತರ ಬರೆಯಲೇಬೇಕು. ಎಲೆಕ್ಟ್ರಿಕ್ ಗ್ರ್ಯಾಪಲ್ ಸೋಮಾರಿ ಆಗಿದೆ, ಹಿಡಿಯಲ್ಲ ಅಂತ ಬರುವ ದೂರುಗಳಲ್ಲಿ ಎಷ್ಟೋ ಸಲ ಆಕ್ಚುಯೇಟರ್ ಚೆನ್ನಾಗೇ ಇರುತ್ತೆ, ಕೆಟ್ಟಿರುವುದು ವೈರಿಂಗ್.

ಬ್ಯಾಟರಿಯಿಂದ ಲೋಡರ್ ತುದಿಗೆ 4 ಮೀಟರ್ ಅಂದರೆ ಹೋಗಿ ಬರಲು 8 ಮೀಟರ್ ತಾಮ್ರ. ಪೂರ್ತಿ ಬಿಗಿಯುವಾಗ 25 ಆಂಪ್ ಎಳೆಯುತ್ತೆ ಅಂತ ಹಿಡಿಯಿರಿ. 2.5 ಚದರ ಮಿ.ಮೀ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು ಒಂದೂವರೆ ವೋಲ್ಟ್ ಕಳೆದುಹೋಗುತ್ತೆ. 6 ಚದರ ಮಿ.ಮೀ ಆದರೆ 0.6 ವೋಲ್ಟ್ ಹತ್ತಿರ. ಮೋಟರ್‌ಗೆ ವೋಲ್ಟ್ ಕಡಿಮೆ ಆದಷ್ಟೂ ಹಿಡಿತ ಕಡಿಮೆ, ಎಲ್ಲಕ್ಕಿಂತ ಬಲ ಬೇಕಾದ ಕೊನೇ ಗಳಿಗೆಯಲ್ಲೇ ಕೈಕೊಡುತ್ತೆ. 6ಕ್ಕಿಂತ ಕಡಿಮೆ ಹಾಕಬೇಡಿ, 10 ಹಾಕಿದರೆ ಇನ್ನೂ ಒಳ್ಳೇದು.

ಸ್ವಿಚ್ ವಿಷಯ. ದವಡೆ ತೆರೆಯಲು ಒಂದು ದಿಕ್ಕು, ಮುಚ್ಚಲು ಉಲ್ಟಾ ದಿಕ್ಕು, ಅಂದರೆ ಪ್ಲಸ್ ಮೈನಸ್ ಅದಲು ಬದಲು ಆಗಬೇಕು. ಸಣ್ಣ ಟಾಗಲ್ ಸ್ವಿಚ್‌ನಲ್ಲೇ 25 ಆಂಪ್ ಹಾಯಿಸಿದರೆ ಒಳಗಿನ ಕಾಂಟ್ಯಾಕ್ಟ್ ಕರಕಲಾಗಿ ಒಂದು ದಿನ ಅಂಟಿಕೊಳ್ಳುತ್ತೆ, ಕೈ ಬಿಟ್ಟರೂ ದವಡೆ ಓಡುತ್ತಲೇ ಇರುತ್ತೆ. ಆದ್ದರಿಂದ ಐದು ಪಿನ್‌ನ 40 ಆಂಪ್ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆಡಿಸುವ ಸ್ವಿಚ್) ಎರಡು ಹಾಕಿ. ಜಾಯ್‌ಸ್ಟಿಕ್ ಪಕ್ಕದ ಸ್ವಿಚ್ ರಿಲೇ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡಲಿ. ಒತ್ತಿದಾಗ ಓಡಬೇಕು, ಬಿಟ್ಟ ತಕ್ಷಣ ನಿಲ್ಲಬೇಕು, ಅಂಥ ಸ್ವಿಚ್ಚೇ ಇರಲಿ. ಎರಡೂ ರಿಲೇ ಸುಮ್ಮನಿದ್ದಾಗ ಮೋಟರಿನ ಎರಡೂ ತುದಿ ಮೈನಸ್‌ಗೆ ಸೇರಿರುವ ಹಾಗೆ ಜೋಡಿಸಿ, ಆಗ ಮೋಟರ್ ಜಾರದೆ ಗಕ್ಕನೆ ನಿಲ್ಲುತ್ತೆ.

ಟ್ರ್ಯಾಕ್ಟರ್ ಬಾಡಿಯನ್ನೇ ಮೈನಸ್ ಮಾಡಿಕೊಂಡು ಒಂದು ವೈರ್ ಉಳಿಸುವ ಯೋಚನೆ ಬೇಡ. ಲೋಡರ್ ಪಿನ್‌ಗಳಲ್ಲಿ ಗ್ರೀಸ್ ತುಂಬಿರುತ್ತೆ, ಅದರ ಮೂಲಕ ಕರೆಂಟ್ ಸರಿಯಾಗಿ ಹಾಯಲ್ಲ. ಅದಕ್ಕಿಂತ ಹೆಚ್ಚಾಗಿ, ದಿಕ್ಕು ಬದಲಾದಾಗ ಎರಡನೇ ವೈರೇ ಪ್ಲಸ್ ಆಗುತ್ತೆ, ಅದು ಬಾಡಿಗೆ ತಾಗಿದ್ದರೆ ನೇರ ಶಾರ್ಟ್. ಫ್ಯೂಸ್ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಇರಲಿ, ಗ್ರ್ಯಾಪಲ್ ಹತ್ತಿರ ಹಾಕಿದರೆ ನಡುವಿನ 4 ಮೀಟರ್ ವೈರ್‌ಗೆ ರಕ್ಷಣೆಯೇ ಇಲ್ಲ. ಕೊಂಬೆ ಕಿತ್ತು ಹಾಕುವುದು ಆ ವೈರನ್ನೇ ಅಲ್ವಾ. ಪೈಪ್ ಒಳಗೆ ಹಾಕಿ, ತೋಳು ಮಡಚುವ ಕಡೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ.

ಬ್ಯಾಟರಿ ಭಯ ಬಿಡಿ. 25 ಆಂಪ್, 12 ಸೆಕೆಂಡ್ ಅಂದರೆ 0.08 ಆಂಪ್ ಅವರ್. ಗಂಟೆಗೆ 60 ಸಲ ಮುಚ್ಚಿದರೂ 5 ಆಂಪ್ ಅವರ್. ಮುಚ್ಚುವ ಇಡೀ ಹೊತ್ತು 25 ಆಂಪ್ ಎಳೆಯಲ್ಲ, ಕೊನೆಯಲ್ಲಿ ಬಿಗಿಯುವಾಗ ಮಾತ್ರ. ತೆರೆಯಲು ಇನ್ನೂ ಕಡಿಮೆ. ಎಂಜಿನ್ ಓಡುತ್ತಿದ್ದರೆ ಸಣ್ಣ ಡೈನಮೋ ಕೂಡ ಇಷ್ಟನ್ನು ತುಂಬಿಕೊಡುತ್ತೆ. ಎಂಜಿನ್ ಆಫ್ ಮಾಡಿ ಆಡಿಸುತ್ತಾ ಕೂರಬೇಡಿ, ಅಷ್ಟೇ.

ಬೇಲಿಯಂಚು

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಇನ್ನೆರಡು ವಿಷಯ. ಲೋಡರ್ ಎತ್ತುವ ಶಕ್ತಿ ತೋಳಿನ ತುದಿಯ ಪಿನ್ ಹತ್ತಿರ 320 ಕೆಜಿ ಅಂತ ಪುಸ್ತಕದಲ್ಲಿದೆ, ನಾನು ನೋಡಿದ ಗ್ರ್ಯಾಪಲ್ 95 ಕೆಜಿ. ಎಷ್ಟು ದಪ್ಪ ದಿಮ್ಮಿ ಎತ್ತಬಹುದು? ಮತ್ತೆ ವೈರ್‌ಲೆಸ್ ರಿಮೋಟ್ ಕೊಡುತ್ತೇವೆ ಅಂತಾರೆ, ತಗೊಳ್ಳೋದಾ?

ತಂತಿಮನುಷ್ಯ

ರಿಮೋಟ್ ಬೇಡ ಅಂತ ನನ್ನ ಅಭಿಪ್ರಾಯ. ಜೇಬಿನಲ್ಲಿ ಒತ್ತಿಕೊಂಡರೆ ದಿಮ್ಮಿ ಬಿಚ್ಚಿಕೊಳ್ಳುತ್ತೆ. ಕೈ ಹೇಗೂ ಜಾಯ್‌ಸ್ಟಿಕ್ ಮೇಲೆ ಇರುತ್ತೆ, ಸ್ವಿಚ್ ಅಲ್ಲೇ ಇರಲಿ.

ಹಳೇಲೋಡರ್

320ರಲ್ಲಿ 95 ಕಳೆದರೆ 225. ಅದೂ ಭಾರ ಪಿನ್ ಹತ್ತಿರ ಕೂತಾಗ. ದಿಮ್ಮಿ ಕೂರುವುದು ಅರ್ಧ ಮೀಟರ್ ಮುಂದೆ, ಆದ್ದರಿಂದ ಇನ್ನೂ ಕಡಿಮೆ ಹಿಡಿಯಿರಿ. ಹಸಿ ಮರದ ಒಂದು ಘನ ಮೀಟರ್ 900ರಿಂದ 1000 ಕೆಜಿ ತೂಗುವುದು ಮಾಮೂಲು. 30 ಸೆಂ.ಮೀ ದಪ್ಪ, 2 ಮೀಟರ್ ಉದ್ದದ ದಿಮ್ಮಿ 130-140 ಕೆಜಿ ಬರುತ್ತೆ, ನಿಮಗೆ ಅದು ಆರಾಮ. 40 ಸೆಂ.ಮೀ ಆದರೆ 240 ಹತ್ತಿರ, ಅದನ್ನು ಕುಯ್ದು ಅರ್ಧ ಮಾಡಿ. ಹಿಂದೆ ಭಾರ ಕಟ್ಟದೆ ಹೊರಡಬೇಡಿ. ದಿಮ್ಮಿಯನ್ನು ನೆಲದಿಂದ ಒಂದು ಮೊಣಕಾಲು ಎತ್ತರದಲ್ಲೇ ಸಾಗಿಸಿ, ಇಳಿಜಾರಿನಲ್ಲಿ ಅಡ್ಡಡ್ಡ ಹೋಗಬೇಡಿ. ರೋಲ್ ಬಾರ್ (ಟ್ರ್ಯಾಕ್ಟರ್ ಮಗುಚಿದರೆ ಕಾಪಾಡುವ ಕಂಬಿ) ಎತ್ತಿರಲಿ, ಬೆಲ್ಟ್ ಹಾಕಿರಲಿ. ಬರೀ ಬಕೆಟ್‌ನಲ್ಲಿ ದಿಮ್ಮಿ ಎತ್ತರಕ್ಕೆ ಎತ್ತಿದರೆ ಅದು ತೋಳುಗಳ ಮೇಲೆ ಉರುಳಿ ನೇರ ಡ್ರೈವರ್ ಕಡೆಗೇ ಬರುತ್ತೆ. ಗ್ರ್ಯಾಪಲ್ ಬೇಕು ಅಂತ ನಾನು ಎಲ್ಲರಿಗೂ ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಎಣ್ಣೆಕೈ

ಎಲೆಕ್ಟ್ರಿಕ್ ತಗೊಳ್ಳೋದೇ ಆದರೆ ನನ್ನ ಕಡೆಯಿಂದ ಒಂದು ಮಾತು, ವೆಲ್ಡಿಂಗ್ ಕೆಲಸದ್ದು. ದವಡೆ ತೆರೆದುಕೊಂಡು ಮುಂದೆ ನುಗ್ಗಿದಾಗ ಒಂದು ಬೊಡ್ಡೆ ದವಡೆಗೆ ಗುದ್ದಿದರೆ ಆ ಏಟೆಲ್ಲಾ ಸ್ಕ್ರೂ ಮೇಲೆ ಬೀಳುತ್ತೆ. ಹೈಡ್ರಾಲಿಕ್‌ನಲ್ಲಿ ರಿಲೀಫ್ ವಾಲ್ವ್ ಇದ್ದರೆ ಎಣ್ಣೆ ಸ್ವಲ್ಪ ಬಿಟ್ಟುಕೊಟ್ಟು ಕಾಪಾಡುತ್ತೆ, ಸ್ಕ್ರೂ ಬಿಟ್ಟುಕೊಡಲ್ಲ, ಬಾಗುತ್ತೆ. ಪೂರ್ತಿ ತೆರೆದಾಗ ದವಡೆ ಒಂದು ಗಟ್ಟಿ ಕಬ್ಬಿಣದ ತುಂಡಿಗೆ ಆನಿಕೊಳ್ಳುವ ಹಾಗೆ ಸ್ಟಾಪರ್ ವೆಲ್ಡ್ ಮಾಡಿಸಿ. ಅದಕ್ಕೂ ದವಡೆಗೂ ಕೂದಲೆಳೆ ಸಂದಿ ಇರುವಾಗಲೇ ಆಕ್ಚುಯೇಟರಿನ ಲಿಮಿಟ್ ಸ್ವಿಚ್ ಮೋಟರ್ ನಿಲ್ಲಿಸಬೇಕು, ಇಲ್ಲದಿದ್ದರೆ ಮೋಟರ್ ಸ್ಟಾಪರ್ ಜೊತೆ ಗುದ್ದಾಡುತ್ತೆ.

ತೆರೆದಾಗ ರಾಡ್ ಒಳಗೆ ಹೋಗುವಂಥ, ಮುಚ್ಚುವಾಗ ಹೊರಗೆ ಬರುವಂಥ ಮಾಡೆಲ್ ಹುಡುಕಿ. ಕಂಟಿಯೊಳಗೆ ನುಗ್ಗುವ ಹೊತ್ತಿಗೆ ರಾಡ್ ಒಳಗೆ ಸುರಕ್ಷಿತವಾಗಿರುತ್ತೆ. ಮೇಲೊಂದು 5 ಮಿ.ಮೀ ಪ್ಲೇಟ್ ಮುಚ್ಚಿಸಿ. ಎರಡೂ ತುದಿಯ ಪಿನ್ ಸಲೀಸಾಗಿ ತಿರುಗಬೇಕು, ಬೋಲ್ಟ್ ಹಾಕಿ ಬಿಗಿದರೆ ಪಕ್ಕದ ಒತ್ತಡ ಬಿದ್ದು ರಾಡ್ ಸೀಲ್ ಬೇಗ ಹೋಗುತ್ತೆ. ಪ್ರೆಷರ್ ವಾಷರ್ ನೀರನ್ನು ಸೀಲ್ ಕಡೆ ಹಿಡಿಯಬೇಡಿ.

ಬೇಲಿಯಂಚು

ಸ್ಟಾಪರ್ ವಿಷಯ ಯಾರೂ ಹೇಳಿರಲಿಲ್ಲ. ದಿಮ್ಮಿ ಹಿಡಿದಿರುವಾಗಲೇ ಆಕ್ಚುಯೇಟರ್ ಕೆಟ್ಟರೆ ಬಿಡಿಸುವುದು ಹೇಗೆ?

ಎಣ್ಣೆಕೈ

ಮೊದಲು ದಿಮ್ಮಿಯನ್ನು ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಫ್ಯೂಸ್ ತೆಗೆಯಿರಿ. ದವಡೆಗೆ ಒಂದು ಚೈನ್ ಸುತ್ತಿ ಹಿಡಿಸಿಕೊಂಡು ಆಮೇಲೆ ರಾಡ್ ತುದಿಯ ಪಿನ್ ತಟ್ಟಿ ತೆಗೆಯಿರಿ. ಚೈನ್ ಇಲ್ಲದೆ ತೆಗೆದರೆ ಒತ್ತಡದಲ್ಲಿರುವ ಕೊಂಬೆಗಳು ದವಡೆಯನ್ನು ಮೇಲಕ್ಕೆ ಚಿಮ್ಮಿಸಬಹುದು. ಆ ಪಿನ್‌ಗೆ ಕೈ ಸಿಗುವಷ್ಟು ಜಾಗ ಇದೆಯಾ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ, ಪ್ಲೇಟ್ ಮುಚ್ಚಿಸುವಾಗಲೂ ಅಷ್ಟು ಜಾಗ ಬಿಡಿಸಿ.